ಅಡಿಕೆ ಸಿಪ್ಪೆ, ಕೋಳಿಗೊಬ್ಬರ ಮತ್ತು ನನ್ನ ಬಿಸಿ ರಾಶಿ

ಚಾಲಿ, ಅಂದರೆ ಒಣಗಿಸಿದ ಹಣ್ಣಡಿಕೆ, ಸುಲಿದ ಸಿಪ್ಪೆ ಗೊಬ್ಬರವಾಗಲು ಎರಡು ಮಳೆಗಾಲ ಬೇಕೆಂದು ಕಾಸರಗೋಡಿನ ನಮ್ಮ ಪೆರ್ಲದ ಕಡೆ ಹೇಳುವುದುಂಟು. ಆರು ವರ್ಷದ ಹಿಂದೆ ನಾನು ಶುರು ಮಾಡಿದಾಗ ನೆರೆಮನೆಯ ಭಾವ ಬಂದು ನೋಡಿ, "ಇದು ಕೊಳೆತ್ತಿಲ್ಲೆ ಭಾವಾ, ಒಲೆಗೆ ಹಾಕು" ಎಂದಿದ್ದರು. ಈಗ ಮೂರು ವರ್ಷದಿಂದ ಅದೇ ಸಿಪ್ಪೆ ನಾಲ್ಕು ತಿಂಗಳೊಳಗೆ ಕಪ್ಪು ಪುಡಿಯಾಗಿ ಕೈಗೆ ಬರುತ್ತಿದೆ.

ಮೊದಲ ವರ್ಷ ಹಳೆಯ ಗೊಬ್ಬರದ ಗುಂಡಿಗೇ ತುಂಬಿದ್ದೆ. ಆಟಿ ತಿಂಗಳ ಮಳೆಗೆ ನೀರು ನಿಂತು, ಗಾಳಿಯಾಡದೆ ನಾರಿತು. ಮಳೆ ಬಿಟ್ಟ ಮೇಲೆ ಕೆದಕಿದರೆ ಹೆಬ್ಬೆರಳು ಗಾತ್ರದ ಕುರುವಾಯಿ ಹುಳುಗಳು, ತೆಂಗಿನ ಸುಳಿ ಕೊರೆಯುವ ದುಂಬಿಯ ಮರಿಗಳು. ಐದಾರು ಎಳೆ ತೆಂಗಿನ ಸುಳಿ ಆ ದುಂಬಿಗೆ ಹೋಯಿತು. ಬಿಚ್ಚಿದ ಮಡಲಿನಲ್ಲಿ ಕತ್ತರಿ ಆಡಿಸಿದಂಥ ಆ ಗುರುತು ನಿಮಗೆಲ್ಲ ಗೊತ್ತೇ ಇದೆ.

ನನ್ನ ಹಟ್ಟಿಯಲ್ಲಿರುವುದು ನಾಲ್ಕು ಕಾಸರಗೋಡು ಗಿಡ್ಡ ದನ. ಅವುಗಳ ಸೆಗಣಿ ಇಷ್ಟು ಸಿಪ್ಪೆಗೆ ಎಲ್ಲಿ ಸಾಕು? ಎರಡನೆಯ ವರ್ಷ ಕೋಳಿಗೊಬ್ಬರ ತರಿಸಿದೆ. 60 ಗೋಣಿ, ಬಾಡಿಗೆ ಸೇರಿ 9,000 ರೂಪಾಯಿಯ ಹತ್ತಿರ. ವಾಸನೆ ತಗ್ಗಲೆಂದು ಸುಣ್ಣ ಎರಚಿದ್ದು ದೊಡ್ಡ ತಪ್ಪು. ಕಣ್ಣು ಉರಿಯುವಷ್ಟು ಅಮೋನಿಯ ಎದ್ದಿತು. ದುಡ್ಡು ಕೊಟ್ಟು ತಂದ ಸಾರಜನಕ ಗಾಳಿಪಾಲಾಯಿತು. ಅವಸರಕ್ಕೆ ಅರೆಬೆಂದದ್ದನ್ನೇ ಬುಡಕ್ಕೆ ಹಾಕಿ ಬಸಳೆಯ ಚಪ್ಪರವನ್ನೇ ಕಳಕೊಂಡೆ. ಬಸಳೆ ಹೋದದ್ದಕ್ಕಿಂತ ಹೆಚ್ಚಿನ ಭಯ ಬೇರೆ: ಹಸಿ ಕೋಳಿಗೊಬ್ಬರದಲ್ಲಿ ಹೊಟ್ಟೆ ಕೆಡಿಸುವ ರೋಗಾಣುಗಳಿರುತ್ತವೆ, ಸೊಪ್ಪು ತಿನ್ನುವವರು ನಮ್ಮ ಮನೆಯ ಮಕ್ಕಳು.

ಮೂರನೆಯ ಸಲ ಗುಂಡಿ ಬಿಟ್ಟೆ. ತಗಡಿನ ಮಾಡಿನ ಅಡಿಯಲ್ಲಿ, ಅರ್ಧ ಅಡಿ ಎತ್ತರದ ಕಟ್ಟೆಯ ಮೇಲೆ ರಾಶಿ ಹಾಕಿದೆ. ಚೆನ್ನಾಗಿ ಬಿಸಿಯಾಯಿತು, ನಾಲ್ಕೇ ದಿನಕ್ಕೆ ತಣಿಯಿತು. ಬಿಡಿಸಿದರೆ ಒಳಗೆಲ್ಲ ಬೂದಿ ಚೆಲ್ಲಿದಂತೆ ಬೆಳ್ಳಗೆ, ಒಣಒಣ. ಆಗ ಗೊತ್ತಾಯಿತು: ಒಣಸಿಪ್ಪೆ ಮೇಲಿಂದ ಹೊಯ್ದ ನೀರನ್ನು ಕುಡಿಯುವುದಿಲ್ಲ.

ಈಗ ಗೋಬರ್ ಗ್ಯಾಸಿನ ಸ್ಲರಿಯಲ್ಲಿ ಎಂಟು ಹತ್ತು ದಿನ ನೆನೆಹಾಕುತ್ತೇನೆ. ಸ್ಲರಿಗೆ ಇನ್ನೊಂದು ವಸ್ತು ಸೇರಿಸುವುದಿದೆ. ಅದನ್ನು ಬರೆಯುವುದಿಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ. ಐದು ಬುಟ್ಟಿ ಸಿಪ್ಪೆಗೆ ಒಂದು ಬುಟ್ಟಿ ಕೋಳಿಗೊಬ್ಬರ, ನಡುವೆ ಕತ್ತರಿಸಿದ ಅಡಿಕೆ ಹಾಳೆ, ಗ್ಲಿರಿಸಿಡಿಯಾ ಸೊಪ್ಪು. ನಾಲ್ಕೂವರೆ ಅಡಿ ಎತ್ತರ. ಹಿಂಡಿದರೆ ಬೆರಳಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು, ಇಳಿಯಬಾರದು.

ಮೂರನೆಯ ದಿನ 60 ಡಿಗ್ರಿ ದಾಟುತ್ತದೆ. ಥರ್ಮಾಮೀಟರ್ ಇಲ್ಲದವರು ಕಬ್ಬಿಣದ ಸರಳು ಚುಚ್ಚಿಡಿ. ಸ್ವಲ್ಪ ಹೊತ್ತು ಬಿಟ್ಟು ಎಳೆದರೆ ಹಿಡಿಯಲಾಗಬಾರದು. 55ರ ಮೇಲೆ ಮೂರು ದಿನ ನಿಂತರೆ ರೋಗಾಣುಗಳೂ ಹೆಚ್ಚಿನ ಕಳೆಬೀಜಗಳೂ ಸಾಯುತ್ತವೆ. ಆದರೆ ಅಷ್ಟು ಶಾಖ ಇರುವುದು ರಾಶಿಯ ಹೊಟ್ಟೆಯಲ್ಲಿ ಮಾತ್ರ. ಅಂಚಿನದ್ದು ಒಳಗೆ ಬರಬೇಕಾದರೆ ಮಗುಚಲೇಬೇಕು. ನಾನು ಐದು ಸಲ ಮಗುಚುತ್ತೇನೆ. ಕುರುವಾಯಿ ಹುಳು ಇದ್ದರೂ ತಣ್ಣಗಿನ ಅಂಚಿನಲ್ಲಿ. ಮಗುಚುವ ದಿನ ಊರಕೋಳಿಗಳನ್ನು ಬಿಟ್ಟರೆ ಹೆಕ್ಕಿ ಮುಗಿಸುತ್ತವೆ.

ಹೆಚ್ಚಿನವರು ಕೈಬಿಡುವುದು ಆಳಿನ ಖರ್ಚಿಗೆ ಹೆದರಿ. ಇಬ್ಬರು, ಅರ್ಧ ದಿನ; ಐದು ಸಲಕ್ಕೆ 4,500 ಹಿಡಿಯಿರಿ. ಕೋಳಿಗೊಬ್ಬರವೂ ಸೇರಿ ರಾಶಿಗೆ 10,000 ಚಿಲ್ಲರೆ, ಸಿಗುವುದು ಮೂರು ಟನ್ನಿನಷ್ಟು. ಮೊದಲು ಚೀಲದ ಗೊಬ್ಬರಕ್ಕೆ ಕಿಲೋಗೆ 9 ರೂಪಾಯಿ ಕೊಡುತ್ತಿದ್ದೆ, ಇದು ಮೂರೂವರೆಗೆ ಬೀಳುತ್ತದೆ. ವರ್ಷಕ್ಕೆ ಎರಡು ರಾಶಿ. ಮಾಡು, ಕಟ್ಟೆಗೆ ಹೋದ 38,000 ಎರಡನೆಯ ವರ್ಷವೇ ಹುಟ್ಟಿತು.

ನಡುವೆ, ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ತೆಂಗಿನ ಮಡಲಿನಿಂದ ಎರೆಗೊಬ್ಬರ ಮಾಡುವ ಕ್ರಮವನ್ನು ಸಿಪ್ಪೆಗೂ ಮಾಡಿ ನೋಡಿದೆ. ಬಿಸಿ ಆರುವ ಮೊದಲು ಬಿಟ್ಟ ಎರೆಹುಳು ಒಂದೇ ರಾತ್ರಿಗೆ ಸತ್ತವು. ಪೂರ್ತಿ ತಣಿದ ಮೇಲೆ ಬಿಟ್ಟವು ಚೆನ್ನಾಗಿ ಹೆಚ್ಚಿದವು. ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಬಿದ್ದ ಹಾಳೆಯನ್ನು ಮಾತ್ರ ಎರೆಹುಳಕ್ಕೆ ಹಾಕಬೇಡಿ, ತಾಮ್ರ ಅವಕ್ಕೆ ಆಗುವುದಿಲ್ಲ.

ಹದಕ್ಕೆ ಬಂತೇ ಎಂದು ನೋಡಲು ಒಂದು ತೆಂಗಿನ ಗೆರಟೆ ಗೊಬ್ಬರದಲ್ಲಿ ಹೆಸರುಕಾಳು ಬಿತ್ತುತ್ತೇನೆ. ಮೊಳಕೆಯ ತುದಿ ಸುಡದೆ ಎಲ್ಲವೂ ಎದ್ದರೆ ಬಸಳೆಗೆ, ಅಲಸಂಡೆಗೆ ಧೈರ್ಯವಾಗಿ ಹಾಕಬಹುದು. ಈ ಸಲ ಜಡಿಮಳೆಯ ನಡುವೆಯೇ ಒಂದು ರಾಶಿ ಹಾಕಿದ್ದೇನೆ. ನಿನ್ನೆ ಸಂಜೆ ನೋಡಿದಾಗ 58 ಇತ್ತು.