ಬ್ಯಾಟನ್ ಎಲ್ಲಿ ತಡವಾಗುತ್ತಿದೆ ಅಂತ ಫೋನಿನಲ್ಲಿ ಹುಡುಕಿದ್ದು

ನಮ್ಮದು ತೀರ್ಥಹಳ್ಳಿ ಕಡೆಯ ಪ್ರೌಢಶಾಲೆ. ನಾನು ಅಲ್ಲಿನ ಪಿಟಿ ಮೇಷ್ಟ್ರು. ಜೂನ್‌ನಲ್ಲಿ ಶಾಲೆ ಶುರುವಾದರೆ ಮಳೆಯೂ ಶುರು. ಕ್ರೀಡಾಕೂಟಗಳೂ ಮಳೆಗಾಲದಲ್ಲೇ ಬಂದು ಕೂರುತ್ತವೆ. ವಾರದಲ್ಲಿ ಎರಡು ದಿನ ಮೈದಾನ ಸಿಕ್ಕರೆ ಪುಣ್ಯ.

ಹುಡುಗಿಯರ 4x100 ರಿಲೇ ತಂಡದ ಮೇಲೆ ನನಗೆ ಆಸೆ ಇತ್ತು. ನಾಲ್ವರು ತಲಾ 100 ಮೀಟರ್ ಓಡಿ, ಬ್ಯಾಟನ್ ಅನ್ನುವ ಕೋಲನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವ ಓಟ ಅದು. ನಾಲ್ವರೂ ಚೆನ್ನಾಗಿಯೇ ಓಡುತ್ತಿದ್ದರು. ಬ್ಯಾಟನ್ ಕೈ ಬದಲಾಗುವಾಗ ಮಾತ್ರ ಎಲ್ಲಾ ಎಡವಟ್ಟು. "ತಿರುಗಿ ನೋಡಬೇಡ" ಅಂತ ಕೂಗಿ ಕೂಗಿ ಗಂಟಲು ಹೋಯಿತು. "ನಾನು ನೋಡೇ ಇಲ್ಲ ಸಾರ್" ಅಂತಲೇ ಉತ್ತರ.

ಒಂದು ದಿನ ಸುಮ್ನೆ ಫೋನಿನಲ್ಲಿ ಸ್ಲೋ ಮೋಷನ್ ಹಾಕಿ ವಿಡಿಯೋ ಮಾಡಿದೆ. ಓಡುವವರ ಪಕ್ಕದಲ್ಲೇ ನಿಂತಿದ್ದೆ. ವಿಡಿಯೋದಲ್ಲಿ ಬರೀ ಕಾಲುಗಳು ಬಂದಿದ್ದವು! ಬ್ಯಾಟನ್ ಬದಲಿಸುವ ಜೋನ್ 30 ಮೀಟರ್ ಉದ್ದ. ಅದು ಪೂರ್ತಿ ಕಾಣಬೇಕಾದರೆ ಜೋನ್‌ನ ನಡುವಿಗೆ ನೇರವಾಗಿ, ಸುಮಾರು 25 ಮೀಟರ್ ದೂರ ಹೋಗಬೇಕು. ಓರೆಯಾಗಿ ನಿಂತರೆ ಬ್ಯಾಟನ್ ಗೆರೆ ದಾಟಿದ್ದು ಯಾವಾಗ ಅನ್ನುವುದೇ ತಪ್ಪಾಗಿ ಕಾಣುತ್ತದೆ. ಕೈ ಅಲುಗದ ಹಾಗೆ ಬಿದಿರು ಗಳಕ್ಕೆ ಹಳೇ ಸೈಕಲ್ ಟ್ಯೂಬ್‌ನಿಂದ ಫೋನ್ ಕಟ್ಟಿದೆ. ಸ್ಟ್ಯಾಂಡಿಗೆ ದುಡ್ಡು ಕೇಳೋಕೆ ಹೋಗಲಿಲ್ಲ.

ಮಾರನೇ ದಿನ ಜೋರು ಮಳೆ. ತಂಡವನ್ನು ಸ್ಮಾರ್ಟ್ ಕ್ಲಾಸಿಗೆ ಕರೆದೊಯ್ದೆ. ಗಣಿತದ ಮೇಡಂ ಆ ಪೀರಿಯಡ್ ಬಿಟ್ಟುಕೊಟ್ಟರು, ಅದು ದೊಡ್ಡ ಮಾತು. ಪರದೆ ಮೇಲೆ ಎರಡನೇ ಓಟಗಾರ್ತಿ ನಿಧಾನವಾಗಿ ಕತ್ತು ತಿರುಗಿಸಿದಳು. ಅವಳೇ ನಕ್ಕುಬಿಟ್ಟಳು. ಅಲ್ಲಿಗೆ ವಾದ ಮುಗಿಯಿತು.

ನನ್ನ ತಪ್ಪೂ ಅಲ್ಲೇ ಸಿಕ್ಕಿತು. ಬ್ಯಾಟನ್ ತರುವವಳು ಯಾವ ಗುರುತಿಗೆ ಬಂದಾಗ ಮುಂದಿನವಳು ಹೊರಡಬೇಕು ಅಂತ, ಮುಂದಿನವಳು ನಿಂತ ಜಾಗದಿಂದ ಹಿಂದಕ್ಕೆ ನಾವು ಪಾದ ಅಳೆದು ಸುಣ್ಣ ಹಾಕುತ್ತೇವೆ. ನಾನು ಹೇಳಿದ್ದು 14 ಪಾದ. ಅದು ಜಾಸ್ತಿ ಹತ್ತಿರವಾಗಿತ್ತು. ಮುಂದಿನವಳು ವೇಗ ಹಿಡಿಯುವ ಮೊದಲೇ ಹಿಂದಿನವಳು ಅವಳ ಬೆನ್ನಿಗೇ ಬಂದುಬಿಡುತ್ತಿದ್ದಳು. ಜೋನ್‌ನ ಮೊದಲ ಹತ್ತು ಮೀಟರಿನಲ್ಲೇ ಬ್ಯಾಟನ್ ಕೈ ಬದಲಾಗಿ, ಇಬ್ಬರೂ ಬ್ರೇಕ್ ಹಾಕಿದ ಹಾಗೆ ಆಗುತ್ತಿತ್ತು. ಗುರುತನ್ನು ಒಂದೊಂದೇ ಪಾದ ಹಿಂದಕ್ಕೆ ಸರಿಸಿ 19ಕ್ಕೆ ನಿಲ್ಲಿಸಿದೆವು. ಈಗ 20 ಮೀಟರ್ ದಾಟಿದ ಮೇಲೆ ಬ್ಯಾಟನ್ ಸಿಗುತ್ತದೆ, ಅಷ್ಟರಲ್ಲಿ ಅವಳು ಓಡುತ್ತಿರುತ್ತಾಳೆ.

ಓಡುವವರ ಸಮಯ ನೋಡುವುದನ್ನೇ ಬಿಟ್ಟೆ. ಬ್ಯಾಟನ್ ಜೋನ್ ಒಳಗೆ ಬಂದದ್ದರಿಂದ ಹೊರಗೆ ಹೋಗುವವರೆಗೆ ಎಷ್ಟು ಹೊತ್ತು, ಅಷ್ಟೇ ನನಗೆ ಬೇಕಾದದ್ದು. ವಿಡಿಯೋ ಸೆಕೆಂಡಿಗೆ 120 ಚಿತ್ರ ತೆಗೆದಿದ್ದರೆ, ಚಿತ್ರಗಳನ್ನು ಎಣಿಸಿ 120ರಿಂದ ಭಾಗಿಸಿದರೆ ಆಯಿತು. ಎಣಿಸುವ ಕೆಲಸ ಗಾಯವಾಗಿ ಕೂತಿದ್ದ ಹುಡುಗನಿಗೆ ಕೊಟ್ಟೆ. ನನಗಿಂತ ಚೆನ್ನಾಗಿ ಮಾಡಿದ.

ಒಂದು ಎಡವಟ್ಟನ್ನೂ ಹೇಳಬೇಕು. ಒಬ್ಬ ಹುಡುಗ ಕೆಸರಿನಲ್ಲಿ ಬಿದ್ದ ವಿಡಿಯೋ ನನ್ನ ಫೋನಿನಿಂದ ಒಂದು ವಾಟ್ಸಾಪ್ ಗ್ರೂಪಿಗೆ ಹೋಯಿತು. ಕಳಿಸಿದ್ದು ನಾನೇ, ತಮಾಷೆ ಅಂತ. ಅವನು ಎರಡು ದಿನ ಮೈದಾನಕ್ಕೆ ಬರಲಿಲ್ಲ. ಅವನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅಂದಿನಿಂದ ಪೋಷಕರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಇಲ್ಲ. ನೋಡಿ ಆದ ಮೇಲೆ ಮಕ್ಕಳೆದುರೇ ಅಳಿಸುತ್ತೇನೆ.

ಇನ್ನೊಂದು, ಒಂದು ಸಲಕ್ಕೆ ಒಂದೇ ತಪ್ಪು ತೋರಿಸುತ್ತೇನೆ. ಮೊದಮೊದಲು ಕೈ, ಭುಜ, ಹೆಜ್ಜೆ ಎಲ್ಲಾ ತೋರಿಸಿ, ಮಾರನೇ ದಿನ ಮಕ್ಕಳು ಕಟ್ಟಿಹಾಕಿದ ಹಾಗೆ ಓಡಿದರು.

ಕೂಟದ ದಿನ ಫೋನ್ ಜೇಬಿನಲ್ಲೇ. ಹುಡುಗಿಯರು ತಾವೇ ಹಿಮ್ಮಡಿಗೆ ತುದಿಬೆರಳು ತಾಗಿಸಿ 19 ಪಾದ ಅಳೆಯುತ್ತಾರೆ. ಆಮೇಲೆ ನನ್ನ ಕಡೆ ಒಮ್ಮೆ ನೋಡುತ್ತಾರೆ. ನಾನು ಕೂಗುವುದಿಲ್ಲ.