ಮಂಗಳೂರಿನಾಚೆಯ ಕಡಲ ಪ್ರವಾಹ: ಉಪಗ್ರಹದ ಅಂಕಿಯಿಂದ ವೇಗ ತೆಗೆಯುವ ಬಗೆ

ಉಪಗ್ರಹಕ್ಕೆ ಕಡಲ ನೀರಿನ ಹರಿವು, ಅಂದರೆ ಪ್ರವಾಹ, ಕಾಣುವುದಿಲ್ಲ, ನೀರಿನ ಮಟ್ಟ ಕಾಣುತ್ತದೆ. ಆ ಮಟ್ಟದ ಇಳಿಜಾರಿನಿಂದ ವೇಗವನ್ನು ನಾವೇ ಲೆಕ್ಕ ಹಾಕಬೇಕು.

ನಾನು ಐರೋಪ್ಯ ಒಕ್ಕೂಟದ ಕಡಲ ಮಾಹಿತಿ ಸೇವೆ ಕೋಪರ್ನಿಕಸ್ ಮರೀನ್‌ನಿಂದ, ಚೌಕಚೌಕವಾಗಿ ಮಟ್ಟ ಕೊಡುವ ದೈನಂದಿನ ಗ್ರಿಡ್ ಕಡತ ಇಳಿಸಿಕೊಂಡು 13° ಅಕ್ಷಾಂಶದ ಸಾಲನ್ನು ಕತ್ತರಿಸಿಕೊಳ್ಳುತ್ತೇನೆ. ಅದರಲ್ಲಿ 'ಎಸ್‌ಎಲ್‌ಎ' ಎಂದರೆ ಸರಾಸರಿ ಮಟ್ಟದಿಂದ ಆದ ಏರುಪೇರು ಮಾತ್ರ. ಪೂರ್ತಿ ಪ್ರವಾಹಕ್ಕೆ, ಆ ಏರುಪೇರಿಗೆ ಸರಾಸರಿ ಮಟ್ಟವನ್ನೂ ಕೂಡಿಸಿದ 'ಎಡಿಟಿ' ಬೇಕು. ನಮ್ಮ ಕರಾವಳಿಯ ಪ್ರವಾಹ ಮಳೆಗಾಲದಲ್ಲಿ ತೆಂಕಕ್ಕೆ, ಚಳಿಗಾಲದಲ್ಲಿ ಬಡಗಕ್ಕೆ ಹರಿಯುತ್ತದೆ. ಅದು ಮಗ್ಗುಲು ಬದಲಿಸುವ ಹೊತ್ತಿನಲ್ಲಿ ಬರೀ ಎಸ್‌ಎಲ್‌ಎ ನಂಬಿದರೆ ದಿಕ್ಕೇ ತಪ್ಪಬಹುದು.

ಇಲ್ಲಿ ಒಂದು ಡಿಗ್ರಿ ರೇಖಾಂಶವೆಂದರೆ 108.5 ಕಿ.ಮೀ. 73°ಗಿಂತ 74°ಯಲ್ಲಿ ಮಟ್ಟ 8 ಸೆಂ.ಮೀ. ಹೆಚ್ಚಿದೆ ಎನ್ನಿ. ಇಳಿಜಾರನ್ನು ಗುರುತ್ವ 9.78ರಿಂದ ಗುಣಿಸಿ, ಕೊರಿಯಾಲಿಸ್ ಅಂಕಿ 0.0000328ರಿಂದ (ಭೂಮಿಯ ತಿರುಗುವಿಕೆ ಹರಿವನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ; ಅಕ್ಷಾಂಶದ ಸೈನ್‌ನಿಂದ ಬರುತ್ತದೆ) ಭಾಗಿಸಿದರೆ ಸೆಕೆಂಡಿಗೆ 22 ಸೆಂ.ಮೀ., ಬಡಗಕ್ಕೆ. ದಿನಕ್ಕೆ ಸುಮಾರು 19 ಕಿ.ಮೀ.

ಹೊಸಬರು ಎಡವುವುದು ಕೊರಿಯಾಲಿಸ್ ಅಂಕಿಯಲ್ಲಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸೈನ್‌ಗೆ ರೇಡಿಯನ್ ಬೇಕು; ಡಿಗ್ರಿಯನ್ನೇ ಕೊಟ್ಟರೂ ಅದು ತಕರಾರು ಮಾಡುವುದಿಲ್ಲ. 13°ಯಲ್ಲಿ 22ರ ಬದಲು 12 ಬರುತ್ತದೆ, ನೋಡಿದರೆ ಸರಿಯಾಗಿಯೇ ಕಾಣುತ್ತದೆ! ನಕ್ಷೆಯನ್ನು ತೆಂಕಕ್ಕೆ ಹಿಗ್ಗಿಸಿ. ಕುಂಬಳೆಯ ನೇರಕ್ಕೆ, 12.57°ಯಲ್ಲಿ (12.57 ರೇಡಿಯನ್ನಿನ ಸೈನ್ ಸುಮಾರು ಸೊನ್ನೆ), ವೇಗ ಹುಚ್ಚಾಪಟ್ಟೆ ಏರಿ ಅದರ ಕೆಳಗೆ ದಿಕ್ಕು ಉಲ್ಟಾ ಆದರೆ ಕಳ್ಳ ಸಿಕ್ಕಿದ ಹಾಗೆ.

ಕೊರಿಯಾಲಿಸ್ ಅಂಕಿ ಇಲ್ಲಿ ಚಿಕ್ಕದಾದ್ದರಿಂದ ತಪ್ಪೂ ಉಬ್ಬುತ್ತದೆ. 54 ಕಿ.ಮೀ. ಅಂತರದಲ್ಲಿ ಮಟ್ಟ 1 ಸೆಂ.ಮೀ. ತಪ್ಪಿದರೆ ವೇಗ ಸೆಕೆಂಡಿಗೆ 5.5 ಸೆಂ.ಮೀ. ತಪ್ಪುತ್ತದೆ. ಆದ್ದರಿಂದ ಪಕ್ಕಪಕ್ಕದ ಚೌಕಗಳನ್ನು ಕಳೆಯದೆ 100 ಕಿ.ಮೀ. ಅಗಲದಲ್ಲಿ ಇಳಿಜಾರು ತೆಗೆಯುತ್ತೇನೆ. ಚಿಕ್ಕ ಸುಳಿಗಳು ಅಳಿಸಿಹೋಗುತ್ತವೆ, ಹೋಗಲಿ. ಗ್ರಿಡ್ಡಿನ ನುಣುಪು ನೋಡಿ ಮರುಳಾಗಬಾರದು: ಮಟ್ಟ ಅಳೆಯುವ ಜೇಸನ್ ಉಪಗ್ರಹ ಸರಣಿಯ ದಾರಿಗಳು ಸಮಭಾಜಕದ ಬಳಿ 315 ಕಿ.ಮೀ. ದೂರ ದೂರ, ನಡುವಿನದೆಲ್ಲ ಬೇರೆ ಉಪಗ್ರಹಗಳ ಅಳತೆ ಸೇರಿಸಿ ಹೊಲಿದದ್ದು.

ದಡದಿಂದ 40 ಕಿ.ಮೀ. ಒಳಗಿನ ಅಂಕಿಗಳನ್ನು ಕಿತ್ತೇ ಹಾಕುತ್ತೇನೆ. ಅಲ್ಲಿ ನೆಲದ ಪ್ರತಿಧ್ವನಿ ಉಪಗ್ರಹದ ಮಟ್ಟ ಅಳೆಯುವ ರೇಡಾರಿಗೆ ಬೆರೆಯುತ್ತದೆ, ಗಾಳಿಯ ತೇವಾಂಶ ಅಳೆಯುವ ರೇಡಿಯೋಮೀಟರಿಗೂ ನೆಲ ಅಡ್ಡ ಬರುತ್ತದೆ. ಖಾಲಿ ಬಿಟ್ಟ ಜಾಗ ಸುಳ್ಳು ಬಾಣಗಳಿಗಿಂತ ವಾಸಿ.

ತಾಳೆ ನೋಡಲು 15 ಮೀಟರ್ ಆಳದಲ್ಲಿ ಲಂಗರುಬಟ್ಟೆ (ಬೋಯೆ ಗಾಳಿಗೆ ಜಾರದೆ ನೀರಿನ ಜೊತೆ ಸಾಗಲು ಕೆಳಗೆ ಕಟ್ಟಿದ ಬಟ್ಟೆ) ಇರುವ ತೇಲುಬೋಯೆಗಳ ವೇಗ ಬಳಸುತ್ತೇನೆ. ಜುಲೈಯಲ್ಲಿ ನೇರ ಹೋಲಿಸಿದರೆ ಹೊಂದುವುದಿಲ್ಲ; ಮುಂಗಾರು ಗಾಳಿ ಎಳೆದೊಯ್ಯುವ ಎಕ್ಮನ್ ಪಾಲು ಬೋಯೆಯಲ್ಲಿದೆ, ಇಳಿಜಾರಿನ ಲೆಕ್ಕದಲ್ಲಿಲ್ಲ. ಅದನ್ನು ಗಾಳಿಯ ಅಂಕಿಯಿಂದ ಬೇರೆಯಾಗಿ ತೆಗೆದು ಕೂಡಿಸಿದ ಮೇಲೆಯೇ ಹೋಲಿಕೆ.