ದಡದಿಂದಲೇ ನೀರಿಗೆ: ಬೊನೇರ್, ಕುರಾಸಾವ್, ಕೇಮನ್‌ನಲ್ಲಿ ನನ್ನ ಡೈವಿಂಗ್

ಕೆರಿಬಿಯನ್‌ನಲ್ಲಿ ಸ್ಕೂಬಾ ಡೈವಿಂಗ್‌ಗೆ ಎಲ್ಲಿ ಹೋದರೆ ಒಳ್ಳೆಯದು ಅಂತ ಹ್ಯೂಸ್ಟನ್‌ನ ಕನ್ನಡ ಗೆಳೆಯರು ಆಗಾಗ ಕೇಳುತ್ತಾರೆ. ಎಲ್ಲರ ಮೊದಲ ಪ್ರಶ್ನೆ ಮೀನಿನ ಬಗ್ಗೆ. ಆಮೆ ಎಲ್ಲಿ ಸಿಗುತ್ತದೆ, ಶಾರ್ಕ್ ಎಲ್ಲಿ ಕಾಣುತ್ತದೆ, ಹೀಗೆ. ನನ್ನ ಅನುಭವದಲ್ಲಿ ಮೀನು ನೋಡಿ ದ್ವೀಪ ಆರಿಸಬಾರದು. ಪ್ಯಾರಟ್‌ಫಿಶ್, ಏಂಜೆಲ್‌ಫಿಶ್, ಟ್ರಂಪೆಟ್‌ಫಿಶ್, ಹಸಿರು ಮೊರೆ ಈಲ್, ಹಾಕ್ಸ್‌ಬಿಲ್ ಆಮೆ ಎಲ್ಲವೂ ಕೆರಿಬಿಯನ್‌ನ ಹೆಚ್ಚಿನ ದ್ವೀಪಗಳಲ್ಲಿ ಸಿಗುತ್ತವೆ. ಬದಲಾಗುವುದು ನೀವು ನೀರಿಗೆ ಇಳಿಯುವ ರೀತಿ, ಮತ್ತು ನೀರಿನ ಕೆಳಗೆ ನಿಮ್ಮ ಸಮಯ ಯಾರ ಕೈಯಲ್ಲಿರುತ್ತದೆ ಅನ್ನೋದು. ಅದನ್ನು ಮೊದಲು ತೀರ್ಮಾನಿಸಿ. ಆಮೇಲೆ ಟಿಕೆಟ್ ಬುಕ್ ಮಾಡಿ.

ನಾನು ಡೈವಿಂಗ್ ಶುರು ಮಾಡಿದ್ದು ನೇತ್ರಾಣಿಯಲ್ಲಿ. ಮುರ್ಡೇಶ್ವರದಿಂದ ದೋಣಿ ಹತ್ತಬೇಕು. ಸುಮಾರು ಒಂದೂವರೆ ಗಂಟೆ ಪ್ರಯಾಣ, ಆಮೇಲೆ ದೋಣಿಯ ಅಂಚಿನಿಂದ ನೀರಿಗೆ. ಎಲ್ಲಿ ಇಳಿಯಬೇಕು, ಯಾವಾಗ ಮೇಲೆ ಬರಬೇಕು, ಎಲ್ಲವನ್ನೂ ದೋಣಿಯವರೇ ಹೇಳುತ್ತಾರೆ. ಕಲಿಯುವವರಿಗೆ ಅದೇ ಸರಿ. ಮೆಕ್ಸಿಕೋದ ಕೊಸುಮೆಲ್‌ನಲ್ಲೂ ಹೆಚ್ಚುಕಡಿಮೆ ಹಾಗೇ. ಅಲ್ಲಿ ಸೆಳೆತ ಜೋರು. ಗೈಡ್ ಜೊತೆ ಪಲಂಕಾರ್ ಅಥವಾ ಸಾಂತಾ ರೋಸಾ ಗೋಡೆಯ (ಆಳಕ್ಕೆ ಕಡಿದಾಗಿ ಇಳಿಯುವ ಹವಳದ ಅಂಚು) ಮೇಲೆ ಇಳಿದು, ನೀರು ಕರೆದುಕೊಂಡು ಹೋದ ಕಡೆ ತೇಲಿ, ಎಲ್ಲಿ ಮೇಲೆ ಬರುತ್ತೀರೋ ಅಲ್ಲಿಗೆ ದೋಣಿ ಬರುತ್ತದೆ. ಈಜುವ ಶ್ರಮವೇ ಇಲ್ಲ. ಗೋಡೆಗಳ ಗಾತ್ರ ನೋಡಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಒಂದು ಸ್ಪಂಜಿನ ಒಳಗೆ ಚಿಕ್ಕ ಸೀಗಡಿ ಕಂಡರೆ ನಿಂತು ನೋಡಲು ಆಗುವುದಿಲ್ಲ. ಅಷ್ಟರಲ್ಲಿ ಹತ್ತು ಮೀಟರ್ ಮುಂದೆ ಹೋಗಿರುತ್ತೀರಿ. ನನ್ನ ಹೆಂಡತಿಗೆ ನೋಡಬೇಕಾಗಿದ್ದು ಆ ಸೀಗಡಿಯೇ. ಅವಳೇ ನನ್ನ ಡೈವ್ ಬಡ್ಡಿ, ಅಂದರೆ ನೀರಿನೊಳಗಿನ ಜೊತೆಗಾತಿ. ಹಾಗಾಗಿ ನಾವು ಬೊನೇರ್ ಕಡೆ ತಿರುಗಿದೆವು.

ಬೊನೇರ್ ವೆನಿಜುವೆಲಾದ ಉತ್ತರಕ್ಕಿರುವ ಚಿಕ್ಕ ದ್ವೀಪ. 2010ರಿಂದ ನೆದರ್‌ಲೆಂಡ್ಸ್‌ನ ವಿಶೇಷ ಪುರಸಭೆ. ಖರ್ಚಿಗೆ ಅಮೆರಿಕನ್ ಡಾಲರ್, ಮಾತಿಗೆ ಪಾಪಿಯಾಮೆಂಟು. ಗಾಳಿ ವರ್ಷವಿಡೀ ಪೂರ್ವದಿಂದ ಬೀಸುತ್ತದೆ. ಆದ್ದರಿಂದ ಪಶ್ಚಿಮದ ದಡ ಹೆಚ್ಚಿನ ದಿನ ಶಾಂತ. ಚಂಡಮಾರುತಗಳ ಸಾಮಾನ್ಯ ದಾರಿಯಿಂದಲೂ ದ್ವೀಪ ದಕ್ಷಿಣಕ್ಕಿದೆ. ಇನ್ನೊಂದು ದೊಡ್ಡ ಅನುಕೂಲವೆಂದರೆ ರೀಫ್, ಅಂದರೆ ಹವಳದ ದಿಬ್ಬ, ದಡಕ್ಕೆ ಅಂಟಿಕೊಂಡೇ ಇದೆ. ಕೆಲವೇ ನಿಮಿಷ ಈಜಿದರೆ ಹತ್ತು ಮೀಟರ್ ಆಳದ ಅಂಚು. ಅಲ್ಲಿಂದ ಹವಳದ ಇಳಿಜಾರು ಮೂವತ್ತು ಮೀಟರ್ ದಾಟಿ ಕೆಳಗೆ ಹೋಗುತ್ತದೆ. ಇಷ್ಟು ಹತ್ತಿರದ ರೀಫ್ ಇಡೀ ಪಶ್ಚಿಮ ದಡದುದ್ದಕ್ಕೂ ಸಿಗುವ ಜಾಗ ಬೇರೆಲ್ಲೂ ನಾನು ನೋಡಿಲ್ಲ.

ಇದು ಸುಮ್ನೆ ಉಳಿದುಕೊಂಡ ರೀಫ್ ಅಲ್ಲ. ಈಟಿ ಹಿಡಿದು ಮೀನು ಹೊಡೆಯುವುದನ್ನು ಅಲ್ಲಿ 1971ರಲ್ಲೇ ನಿಷೇಧಿಸಿದರು. 1975ರಲ್ಲಿ ಹವಳ ಕೀಳುವುದಕ್ಕೆ ತಡೆ ಬಂತು. 1979ರಲ್ಲಿ ದ್ವೀಪದ ಸುತ್ತ 60 ಮೀಟರ್ ಆಳದವರೆಗಿನ ಸಮುದ್ರ ರಕ್ಷಿತ ಉದ್ಯಾನವಾಯಿತು. ಅದನ್ನು ನೋಡಿಕೊಳ್ಳುವ ಸ್ಟಿನಾಪಾ ಸಂಸ್ಥೆಗೆ ಪ್ರತಿ ಡೈವರ್ ನೇಚರ್ ಫೀ ಕಟ್ಟಬೇಕು. ನಾವು ತಲಾ 40 ಡಾಲರ್ ಕೊಟ್ಟೆವು. ಆ ಕ್ಯಾಲೆಂಡರ್ ವರ್ಷ ಪೂರ್ತಿ ಅದೇ ನಡೆಯುತ್ತದೆ. ನನಗಂತೂ ಅದು ಖುಷಿಯಿಂದ ಕೊಡುವ ದುಡ್ಡು. ಕೈಗವಸು ಹಾಕುವಂತಿಲ್ಲ. ಕೈ ಬರಿದಾಗಿದ್ದರೆ ಹವಳ ಹಿಡಿಯುವ ಆಸೆ ತಾನೇ ಕಡಿಮೆಯಾಗುತ್ತದೆ, ಅಲ್ವಾ? ಮೊದಲ ದಿನ ಡೈವ್ ಶಾಪಿನಲ್ಲಿ ಪರಿಚಯದ ಮಾತು, ಆಮೇಲೆ ಅಲ್ಲೇ ಎದುರಿನ ನೀರಿನಲ್ಲಿ ಒಂದು ಚೆಕ್-ಔಟ್ ಡೈವ್ (ಪರೀಕ್ಷಾ ಡೈವ್) ಕಡ್ಡಾಯ. ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕ ಸರಿಪಡಿಸಿಕೊಳ್ಳಲು ಅದು ಒಳ್ಳೆಯ ಅವಕಾಶ. ಆತುರ ಬೇಡ.

ಅಷ್ಟಾದ ಮೇಲೆ ದಿನ ನಿಮ್ಮದು. ನಾವು ಬಾಡಿಗೆಗೆ ಪಿಕಪ್ ಟ್ರಕ್ ತೆಗೆದುಕೊಳ್ಳುತ್ತೇವೆ. ಬೆಳಿಗ್ಗೆ ಶಾಪಿನ ಟ್ಯಾಂಕ್ ಕಟ್ಟೆಗೆ ಗಾಡಿ ಒಡ್ಡಿ, ನೈಟ್ರಾಕ್ಸ್ 32 (ಆಮ್ಲಜನಕ ಹೆಚ್ಚಿಸಿದ ಗಾಳಿ) ತುಂಬಿದ ಟ್ಯಾಂಕುಗಳನ್ನು ಆರಿಸಿ, ಒಂದೊಂದನ್ನೂ ನಾವೇ ಅನಲೈಸರ್‌ನಲ್ಲಿ ಅಳೆದು, ಅಂಕಿ ಬರೆದು, ಗಾಡಿಗೆ ಏರಿಸುತ್ತೇವೆ. 32 ಪ್ರತಿಶತ ಆಮ್ಲಜನಕದಲ್ಲಿ 33 ಮೀಟರ್‌ಗಿಂತ ಕೆಳಗೆ ಹೋಗುವಂತಿಲ್ಲ. ಬೊನೇರ್‌ನಲ್ಲಿ ಹೋಗಬೇಕಾಗಿಯೂ ಇಲ್ಲ. ಚೆಂದದ್ದೆಲ್ಲ 6ರಿಂದ 20 ಮೀಟರ್ ಒಳಗೇ ಇದೆ. ರಸ್ತೆಯ ಪಕ್ಕದಲ್ಲಿ ಹಳದಿ ಬಣ್ಣ ಬಳಿದ ಕಲ್ಲುಗಳಿವೆ. ಪ್ರತಿ ಕಲ್ಲಿನ ಮೇಲೂ ಡೈವ್ ಜಾಗದ ಹೆಸರು. ಕಲ್ಲು ಕಂಡಲ್ಲಿ ಗಾಡಿ ನಿಲ್ಲಿಸಿ ನೀರು ನೋಡುತ್ತೇವೆ. ಅಲೆ ಹಿಡಿಸದಿದ್ದರೆ ಮುಂದಿನ ಕಲ್ಲಿಗೆ ಹೋಗುತ್ತೇವೆ.

ಗಾಡಿಯ ವಿಷಯದಲ್ಲಿ ಒಂದು ಮಾತು. ಡೈವ್ ಜಾಗಗಳಲ್ಲಿ ನಿಲ್ಲಿಸಿದ ಗಾಡಿಗಳಿಂದ ಸಣ್ಣಪುಟ್ಟ ಕಳವು ನಡೆಯುತ್ತದೆ. ಹಾಗಾಗಿ ಬಾಗಿಲಿಗೆ ಬೀಗ ಹಾಕದೆ, ಕಿಟಕಿ ತೆರೆದೇ ಬಿಡುತ್ತಾರೆ. ಒಳಗೆ ಏನೂ ಇರಬಾರದು. ನಾವು ಒಂದು ಹಳೇ ಟವೆಲ್, ನೀರಿನ ಬಾಟಲಿ, ಬಾಳೆಹಣ್ಣು ಬಿಟ್ಟು ಬೇರೇನೂ ಒಯ್ಯುವುದಿಲ್ಲ. ಗಾಡಿಯ ಕೀಲಿ ಬಿಸಿಡಿಯ (ಗಾಳಿ ತುಂಬಿ ತೇಲುವ ಡೈವಿಂಗ್ ಜಾಕೆಟ್) ಜೇಬಿನಲ್ಲಿ. ಎಲೆಕ್ಟ್ರಾನಿಕ್ ಕೀಲಿಯಾದರೆ ನೀರು ಹೋಗದ ಡಬ್ಬಿ ಬೇಕೇ ಬೇಕು.

ಈಗ ನೀರಿಗೆ ಇಳಿಯುವ ಕೆಲಸ. ಶೋರ್ ಡೈವಿಂಗ್‌ನ, ಅಂದರೆ ದಡದಿಂದ ಇಳಿಯುವ ಡೈವಿಂಗ್‌ನ, ಕಷ್ಟವೆಲ್ಲ ಇರುವುದು ಇಲ್ಲೇ, ಮೊದಲ ಇಪ್ಪತ್ತು ಹೆಜ್ಜೆಯಲ್ಲಿ. ಬೊನೇರ್‌ನ ದಡ ಮರಳಲ್ಲ. ಹಳೆಯ ಹವಳ ಗಟ್ಟಿಯಾಗಿ ಆದ ಚೂಪು ಬಂಡೆ, ಅದರ ಮೇಲೆ ಉರುಳುವ ಹವಳದ ತುಂಡುಗಳು. ನೀರೊಳಗಿನ ಸಂದುಗಳಲ್ಲಿ ಉದ್ದ ಮುಳ್ಳಿನ ಸೀ ಅರ್ಚಿನ್ ಎಂಬ ಗುಂಡು ಜೀವಿಗಳು. ದಪ್ಪ ಅಟ್ಟೆಯ ಡೈವ್ ಬೂಟು ಇಲ್ಲದೆ ಅಲ್ಲಿ ಕಾಲಿಡಬೇಡಿ. ಹಿಮ್ಮಡಿ ತೆರೆದಿರುವ ಫಿನ್ (ಕಾಲಿಗೆ ಹಾಕುವ ಈಜುರೆಕ್ಕೆ) ಬೇಕು. ಬರಿಗಾಲಿಗೆ ಹಾಕುವ ಫಿನ್ ಇಲ್ಲಿ ಕೆಲಸಕ್ಕೆ ಬರಲ್ಲ.

ನಾವು ಮಾಡುವ ಕ್ರಮ ಹೀಗೆ. ಡೈವಿಂಗ್ ಗೇರ್ (ಸಲಕರಣೆ) ಹಾಕುವ ಮುಂಚೆಯೇ ದಡದಲ್ಲಿ ನಿಂತು ಅಲೆಗಳನ್ನು ನೋಡುತ್ತೇವೆ. ದೊಡ್ಡ ಅಲೆಗಳು ಗುಂಪಾಗಿ ಬಂದು ಹೋಗುತ್ತವೆ, ನಡುವೆ ಸ್ವಲ್ಪ ಹೊತ್ತು ನೀರು ತಣ್ಣಗಿರುತ್ತದೆ. ಆ ಬಿಡುವೇ ನಮಗೆ ಬೇಕಾದದ್ದು. ಬಿಸಿಡಿಯಲ್ಲಿ ಅರ್ಧ ಗಾಳಿ, ಮುಖಕ್ಕೆ ಮಾಸ್ಕ್, ಬಾಯಲ್ಲಿ ಉಸಿರಾಟದ ರೆಗ್ಯುಲೇಟರ್, ಮಣಿಕಟ್ಟಿಗೆ ಸಿಕ್ಕಿಸಿದ ಫಿನ್. ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದು, ಅಲೆಗೆ ಎದೆ ಕೊಡದೆ ಅಡ್ಡ ನಿಂತು, ಪಾದ ಎತ್ತದೆ ತಳ್ಳುತ್ತಾ ಹೋಗುತ್ತೇವೆ. ಸೊಂಟದ ಮಟ್ಟಕ್ಕೆ ನೀರು ಬಂದ ತಕ್ಷಣ ನಡಿಗೆ ನಿಲ್ಲಿಸಿ ಬೆನ್ನ ಮೇಲೆ ತೇಲಿ ಫಿನ್ ಹಾಕಿಕೊಳ್ಳುತ್ತೇವೆ. ನಿಂತುಕೊಂಡು ಫಿನ್ ಹಾಕಲು ಹೋಗಬಾರದು, ಅಲೆ ಬೀಳಿಸಿಯೇ ಬೀಳಿಸುತ್ತದೆ. ವಾಪಸ್ ಬರುವಾಗ ಇದೇ ಉಲ್ಟಾ. ಪೂರ್ತಿ ದಡ ಸೇರುವ ತನಕ ರೆಗ್ಯುಲೇಟರ್ ಬಾಯಿಂದ ತೆಗೆಯುವುದಿಲ್ಲ. ನಾಲ್ಕು ಕಾಲಲ್ಲಿ ಹತ್ತಬೇಕಾದರೆ ಹತ್ತಿ, ಅದರಲ್ಲಿ ನಾಚಿಕೆ ಏನಿಲ್ಲ.

ಬಹುತೇಕ ಕಡೆ ರೀಫ್ ಅಂಚಿನಲ್ಲಿ ಹಳದಿ ಬೋಯಾ (ನೀರಿನ ಮೇಲೆ ತೇಲುವ ಗುರುತು) ಕಟ್ಟಿದ್ದಾರೆ. ಮೇಲೆಯೇ ಈಜಿ ಅಲ್ಲಿ ತನಕ ಹೋಗಿ, ತಿರುಗಿ ದಡ ನೋಡಿ, ದಿಕ್ಸೂಚಿಯ ಅಂಕಿ ಹಿಡಿದು ಇಳಿಯುತ್ತೇವೆ. ಕೆಳಗಿಳಿದ ಮೇಲೆ ಮೃದು ಹವಳದ ಬಾಗು ನೋಡಿದರೆ ಸೆಳೆತ ಯಾವ ಕಡೆ ಎಂದು ಗೊತ್ತಾಗುತ್ತದೆ. ಮೊದಲು ಅದಕ್ಕೆ ಎದುರಾಗಿ ಹೋಗುತ್ತೇವೆ. ಟ್ಯಾಂಕಿನ ಒತ್ತಡ 200 ಬಾರ್ ಇದ್ದಾಗ ಹೊರಟರೆ, 120ಕ್ಕೆ ಇಳಿದಾಗ ವಾಪಸ್ ತಿರುಗುತ್ತೇವೆ. ಬರುವಾಗ ಆಳ ಕಡಿಮೆ, ಸೆಳೆತವೂ ಜೊತೆಗೆ. ಐದು ಮೀಟರ್‌ನಲ್ಲಿ ಮಾಡಬೇಕಾದ ಮೂರು ನಿಮಿಷದ ಸೇಫ್ಟಿ ಸ್ಟಾಪ್ (ಮೇಲೆ ಬರುವ ಮುಂಚೆ ಸುರಕ್ಷತೆಗಾಗಿ ನಿಲ್ಲುವುದು) ದೋಣಿ ಡೈವಿಂಗ್‌ನಲ್ಲಿ ಹಗ್ಗ ಹಿಡಿದು ಕಾಯುವ ಕೆಲಸ. ಇಲ್ಲಿ ಅದು ಮೂವತ್ತು ನಿಮಿಷವಾದರೂ ಕೇಳುವವರಿಲ್ಲ. ಆ ಕಡಿಮೆ ಆಳದ ನೀರಿನ ಮರಳಲ್ಲೇ ಹೆಂಡತಿ ನನಗೆ ಮೊದಲ ಸಲ ಕಡಲಕುದುರೆ ತೋರಿಸಿದ್ದು. ಮರುದಿನ ಮತ್ತೆ ಹೋದೆವು, ಅದೇ ಹವಳದ ಕಡ್ಡಿಗೆ ಬಾಲ ಸುತ್ತಿಕೊಂಡು ಅಲ್ಲೇ ಇತ್ತು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ, ಅಲ್ಲಿನ ಜೀವಿಗಳನ್ನು ಗುರುತು ಹಿಡಿಯುವುದು ನನಗೆ ಇಡೀ ಡೈವಿಂಗ್‌ನಲ್ಲಿ ಅತಿ ಇಷ್ಟದ ಸಂಗತಿ. ದೋಣಿಯಲ್ಲಿ ಅದು ಸಿಗುವುದು ಕಷ್ಟ.

ದಕ್ಷಿಣದ ಜಾಗಗಳಲ್ಲಿ ಸಾಲ್ಟ್ ಪಿಯರ್ ನನ್ನ ಮೊದಲ ಆಯ್ಕೆ. ಉಪ್ಪು ತುಂಬಲು ಹಡಗು ಬರುವ ಕಟ್ಟೆ ಅದು. ಕಂಬಗಳ ಮೇಲೆ ಕಿತ್ತಳೆ, ನೇರಳೆ ಸ್ಪಂಜು ಮುಚ್ಚಿಕೊಂಡಿದೆ. ನೆರಳಲ್ಲಿ ಮೀನಿನ ಹಿಂಡು. ಹಡಗು ನಿಂತಿದ್ದರೆ ಅಲ್ಲಿ ಇಳಿಯುವಂತಿಲ್ಲ, ಆದ್ದರಿಂದ ದೂರದಿಂದಲೇ ಕಟ್ಟೆ ನೋಡಿ ಯೋಜನೆ ಬದಲಿಸುತ್ತೇವೆ. ಅಲ್ಲಿಂದ ಉತ್ತರಕ್ಕೆ ಬಂದರೆ ಹಿಲ್ಮಾ ಹೂಕರ್. 72 ಮೀಟರ್ ಉದ್ದದ ಸರಕು ಹಡಗು. ಒಳಗೆ ಗಾಂಜಾ ಸಿಕ್ಕಿ ಅಧಿಕಾರಿಗಳು ಹಿಡಿದಿಟ್ಟಿದ್ದಾಗ 1984ರ ಸೆಪ್ಟೆಂಬರ್‌ನಲ್ಲಿ ಮುಳುಗಿತು. ಮೂವತ್ತು ಮೀಟರ್‌ನ ಮರಳಲ್ಲಿ ಬಲಮಗ್ಗುಲಾಗಿ ಮಲಗಿದೆ. ಇದನ್ನು ಬೆಳಿಗ್ಗೆಯ ಮೊದಲ ಡೈವ್ ಮಾಡಿ. ನೋಡಲು ಬೇಕಾದಷ್ಟು ಸಮಯ ಅಷ್ಟು ಆಳದಲ್ಲಿ ಸಿಗುವುದಿಲ್ಲ ಅನ್ನೋದು ಬೇಜಾರು.

ಅದೇ ರಸ್ತೆಯಲ್ಲಿ ಇನ್ನೂ ದಕ್ಷಿಣಕ್ಕೆ, ಡೈವ್ ಜಾಗಗಳ ಪಕ್ಕದಲ್ಲೇ, ಚಿಕ್ಕ ಕಲ್ಲಿನ ಗುಡಿಸಲುಗಳ ಸಾಲಿದೆ. ಉಪ್ಪಿನ ಗದ್ದೆಯಲ್ಲಿ ದುಡಿದ ಗುಲಾಮರಿಗಾಗಿ 1850ರಲ್ಲಿ ಕಟ್ಟಿದ್ದು. ಒಳಗೆ ನೆಟ್ಟಗೆ ನಿಲ್ಲಲು ಆಗದು. ಡೈವಿಂಗ್ ನಡುವಿನ ಬಿಡುವಿನಲ್ಲಿ ಅಲ್ಲಿಗೆ ಹೋಗಿ ಬನ್ನಿ. ಈ ದಡದಲ್ಲಿ ನಾವು ಖುಷಿಗಾಗಿ ಇಳಿಯುತ್ತೇವೆ, ಬೇರೆಯವರು ಇಲ್ಲಿ ಏನು ಅನುಭವಿಸಿದರು ಎಂದು ತಿಳಿದಿರಬೇಕು.

ಉತ್ತರದಲ್ಲಿ ಥೌಸಂಡ್ ಸ್ಟೆಪ್ಸ್. ಹೆಸರು ಸಾವಿರ, ಮೆಟ್ಟಿಲು 70ರ ಆಸುಪಾಸು. ಟ್ಯಾಂಕ್ ಹೊತ್ತು ಹತ್ತುವಾಗ ಮೊಣಕಾಲಿಗೆ ಲೆಕ್ಕ ತಿಳಿಯುತ್ತದೆ. ಅಲ್ಲಿಂದ ಮುಂದೆ ಕರ್ಪಾಟಾ ಕಡೆಗೆ ರಸ್ತೆ ಏಕಮುಖ. ವಾಪಸ್ ಬರಲು ರಿಂಕಾನ್ ಊರಿನ ಮೂಲಕ ಸುತ್ತಬೇಕು. ಆದ್ದರಿಂದ ದಿನದ ಜಾಗಗಳನ್ನು ದಕ್ಷಿಣದಿಂದ ಉತ್ತರಕ್ಕೆ ಜೋಡಿಸಿಕೊಳ್ಳಿ. ಪೂರ್ವ ದಡಕ್ಕೆ ಮಾತ್ರ ನಾವಾಗಿಯೇ ಹೋಗುವುದಿಲ್ಲ. ಅಲ್ಲಿ ಅಲೆ ಭಾರಿ, ಸ್ಥಳೀಯ ಗೈಡ್ ಬೇಕೇ ಬೇಕು.

ರಾತ್ರಿ ಡೈವ್‌ನಲ್ಲಿ ಟಾರ್ಪನ್ ಮೀನುಗಳು ಟಾರ್ಚ್ ಬೆಳಕನ್ನೇ ಹಿಂಬಾಲಿಸುತ್ತವೆ. ನಾವು ಬೆಳಕು ಬಿಟ್ಟ ಸಣ್ಣ ಮೀನನ್ನು ಅವು ಹಿಡಿಯುತ್ತವೆ. ಆಳೆತ್ತರದ ಬೆಳ್ಳಿ ಮೀನು ಕಿವಿಯ ಪಕ್ಕದಲ್ಲಿ ಹಾದುಹೋದರೆ ಎದೆ ಬಡಿತ ಏರುತ್ತದೆ. ಮಲಗಿರುವ ಮೀನಿನ ಮೇಲೆ ಬೆಳಕು ನಿಲ್ಲಿಸಬೇಡಿ, ಅಷ್ಟೇ. ಹುಣ್ಣಿಮೆಯಾದ ಎರಡು ಮೂರು ದಿನಕ್ಕೆ ಹೋಗುವುದಾದರೆ ಸೂರ್ಯ ಮುಳುಗಿ ಮುಕ್ಕಾಲು ಗಂಟೆಗೆ ಟಾರ್ಚ್ ಆರಿಸಿ ಕಾಯಿರಿ. ಆಸ್ಟ್ರಕಾಡ್ ಎಂಬ ಪುಟ್ಟ ಜೀವಿಗಳು ಜೊತೆಗಾರ್ತಿಯನ್ನು ಕರೆಯಲು ನೀಲಿ ಬೆಳಕಿನ ಚುಕ್ಕಿಗಳನ್ನು ಸರದಂತೆ ಒಂದರ ಮೇಲೊಂದು ಬಿಡುತ್ತವೆ. ಕತ್ತಲೆಯ ನೀರು ತುಂಬ ಅವೇ.

ಕುರಾಸಾವ್‌ಗೆ ಬರೋಣ. ಬೊನೇರ್‌ನ ಪಕ್ಕದ, ಅದಕ್ಕಿಂತ ದೊಡ್ಡ ದ್ವೀಪ. ಇಳಿಯುವುದು ಸುಲಭ, ಕೆಲವು ಕಡೆ ಮರಳಿನ ಬೀಚೇ ಇದೆ. ಪ್ಲಾಯಾ ಲಾಗುನ್‌ನಲ್ಲಿ ಎರಡು ಬಂಡೆಗಳ ನಡುವಿನ ಚಿಕ್ಕ ಕೊಲ್ಲಿಯಿಂದ ನಡೆದು ಹೋಗಬಹುದು. ಪೋರ್ಟೋ ಮಾರಿಯಲ್ಲಿ ಒಂದರ ಹಿಂದೆ ಒಂದು ಎರಡು ರೀಫ್. ಕರಾಕಾಸ್ ಕೊಲ್ಲಿಯ ಟಗ್‌ಬೋಟ್ ಬರೀ ಐದು ಮೀಟರ್ ಆಳದಲ್ಲಿದೆ. ಡೈವಿಂಗ್ ಮಾಡದವರೂ ಮೇಲಿಂದ ಸ್ನಾರ್ಕೆಲ್ ಹಾಕಿ ನೋಡಬಹುದು. ಪಕ್ಕದಲ್ಲೇ ಆಳದ ಗೋಡೆ. ಮಕ್ಕಳಿರುವ ಕುಟುಂಬಕ್ಕೆ, ಅಥವಾ ಜೊತೆಯವರು ಡೈವಿಂಗ್ ಮಾಡದಿದ್ದರೆ, ನಾನು ಕಣ್ಣು ಮುಚ್ಚಿ ಕುರಾಸಾವ್ ಎನ್ನುತ್ತೇನೆ. ಅಲ್ಲಿನ ರಾಜಧಾನಿ ವಿಲೆಮ್‌ಸ್ಟಾಡ್‌ನಂಥ ಪಟ್ಟಣ ಬೊನೇರ್‌ನಲ್ಲಿಲ್ಲ. ಆದರೆ ಒಂದು ಜಾಗದಿಂದ ಇನ್ನೊಂದಕ್ಕೆ ದೂರ ಜಾಸ್ತಿ, ಕೆಲವು ಬೀಚುಗಳಿಗೆ ಪ್ರವೇಶ ಶುಲ್ಕವಿದೆ. ದಿನಕ್ಕೆ ನಾಲ್ಕು ಡೈವ್ ಎಂಬ ಬೊನೇರ್‌ನ ಲಯ ಅಲ್ಲಿ ಕೂಡಿಬರುವುದಿಲ್ಲ.

ಗ್ರ್ಯಾಂಡ್ ಕೇಮನ್ ಬೇರೆಯೇ. ಅಲ್ಲಿನ ನೀರಿನ ಸ್ಪಷ್ಟತೆ ಮತ್ತು ಉತ್ತರದ ಗೋಡೆ ನೋಡಲು ದೋಣಿಯೇ ಬೇಕು. ದಡದಿಂದ ಇಳಿಯುವ ಒಳ್ಳೆಯ ಜಾಗಗಳೂ ಇವೆ, ಬೆರಳೆಣಿಕೆಯಷ್ಟು. ಜಾರ್ಜ್ ಟೌನ್‌ನ ಈಡನ್ ರಾಕ್ ಮತ್ತು ಡೆವಿಲ್ಸ್ ಗ್ರಾಟೋದಲ್ಲಿ ಹವಳದ ಸುರಂಗಗಳ ಒಳಗೆ ಹಾದುಹೋಗಬಹುದು, ಬೇಸಿಗೆಯಲ್ಲಿ ಒಳಗೆಲ್ಲ ಸಿಲ್ವರ್‌ಸೈಡ್ ಮೀನು. ಸನ್‌ಸೆಟ್ ಹೌಸ್ ಎದುರು ಒಂಬತ್ತು ಅಡಿಯ ಕಂಚಿನ ಮತ್ಸ್ಯಕನ್ಯೆ ನಿಂತಿದ್ದಾಳೆ. ಬಂಡೆ ಹತ್ತುವ ಗೋಳಿಲ್ಲ, ಮೆಟ್ಟಿಲಿದೆ. ಬೆಲೆ ಮಾತ್ರ ಏರು. ಒಂದು ಕೇಮನ್ ಡಾಲರ್ ಅಂದರೆ 1.20 ಅಮೆರಿಕನ್ ಡಾಲರ್. ನಮ್ಮ ಊರಿನ ಹಾಗೆ ಎಡಗಡೆ ಗಾಡಿ ಓಡಿಸಬೇಕು ಅನ್ನೋದು ಭಾರತದಿಂದ ಬರುವವರಿಗೆ ಅನುಕೂಲ.

ಎಲ್ಲ ಕಡೆ ಈಗ ಒಂದೇ ಚಿಂತೆ. 2014ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡ, ಗಟ್ಟಿ ಹವಳದ ಜೀವಂತ ಪದರವನ್ನೇ ಅಳಿಸಿಹಾಕುವ ರೋಗ 2020ರಲ್ಲಿ ಕೇಮನ್ ತಲುಪಿತು, 2023ರಲ್ಲಿ ಬೊನೇರ್‌ಗೂ ಬಂತು. ಹಿಂದೆ ನೋಡಿದ್ದ ಬ್ರೇನ್ ಕೋರಲ್ (ಮೆದುಳಿನ ಆಕಾರದ ಹವಳ) ಒಂದು ಬಿಳಿ ಗುಂಡಾಗಿ ನಿಂತಿದ್ದನ್ನು ನೋಡಿ ನಾವಿಬ್ಬರೂ ಆ ದಿನ ಜಾಸ್ತಿ ಮಾತಾಡಲಿಲ್ಲ. ರೋಗ ಒಂದು ಜಾಗದಿಂದ ಇನ್ನೊಂದಕ್ಕೆ ಗೇರ್ ಮೂಲಕ ಹೋಗದಿರಲಿ ಎಂದು ಡೈವ್ ಶಾಪುಗಳಲ್ಲಿ ಸೋಂಕು ನಿವಾರಕದ ತೊಟ್ಟಿ ಇಟ್ಟಿದ್ದಾರೆ. ಬಿಸಿಡಿ, ಬೂಟು, ವೆಟ್‌ಸೂಟು ಎಲ್ಲವನ್ನೂ ಅದರಲ್ಲಿ ಅದ್ದಿ, ಆಮೇಲೆ ಸಿಹಿನೀರಲ್ಲಿ ತೊಳೆಯಿರಿ. ದ್ವೀಪ ಬದಲಿಸುವಾಗ ಬಿಸಿಡಿಯ ಒಳಗಿನ ಚೀಲವನ್ನೂ ತೊಳೆಯಬೇಕು.

ವಿಮಾನಕ್ಕೂ ಕೊನೆಯ ಡೈವ್‌ಗೂ ನಡುವೆ ಕನಿಷ್ಠ 18 ಗಂಟೆ ಇರಲಿ, ನಾವು ಪೂರ್ತಿ ಒಂದು ದಿನ ಬಿಡುತ್ತೇವೆ. ಬೊನೇರ್‌ನಲ್ಲಿ ಆ ದಿನಕ್ಕೆ ವಾಷಿಂಗ್ಟನ್ ಸ್ಲಾಗ್‌ಬಾಯ್ ಉದ್ಯಾನವಿದೆ. 1969ರದ್ದು, ನೇಚರ್ ಫೀಯಲ್ಲೇ ಪ್ರವೇಶ ಸೇರಿದೆ. ಮಣ್ಣಿನ ರಸ್ತೆ, ಪಿಕಪ್ ಇದ್ದರೆ ಒಳ್ಳೆಯದು. ಬೆಳಿಗ್ಗೆ ಬೇಗ ಹೋದರೆ ಫ್ಲೆಮಿಂಗೋ, ಇಗ್ವಾನಾ, ಹಳದಿ ಹೆಗಲಿನ ಗಿಳಿ ಎಲ್ಲವೂ ಸಿಗುತ್ತವೆ. ಹೊರಡುವ ಮುಂಚೆ ಗೇರ್ ಎಲ್ಲ ತೊಳೆದು ಗಾಳಿಗೆ ನೇತುಹಾಕಿ. ಪೂರ್ವದ ಆ ಗಾಳಿಗೆ ಸಂಜೆಯೊಳಗೆ ವೆಟ್‌ಸೂಟ್ ಕೂಡ ಒಣಗಿರುತ್ತದೆ, ಚೀಲದ ತೂಕವೂ ಕಡಿಮೆಯಾಗುತ್ತದೆ.